ದಾಟಿಸದ ಅಲೆ

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ನಮ್ಮ ಆಫೀಸಿನಲ್ಲಿ ಕಡಲನ್ನು ಪಾಲು ಮಾಡಿಕೊಂಡಿದ್ದೇವೆ. ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ ಇದೆ. ಗೆರೆಯ ಬಲಕ್ಕಿರುವ ನೀರೆಲ್ಲ ನನ್ನ ಮೇಜಿಗೆ, ಎಡಕ್ಕಿರುವುದು ಎದುರಿನ ಮೇಜಿಗೆ. ಹಾಗಾಗಿ ಇಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನಾನು ‘ಪೂರ್ವ’. ಎದುರಿಗೆ ಕೂರುವವಳು ‘ಪಶ್ಚಿಮ’. ಈ ಗೆರೆಯ ಸಂಗತಿಯನ್ನು ಕಡಲಿಗೆ ಮಾತ್ರ ಯಾರೂ ತಿಳಿಸಿಲ್ಲ.

ಬೆಳಗ್ಗೆ ಬಂದ ಕೂಡಲೇ ನಾವು ಮೊದಲು ನೋಡುವುದು ನಮ್ಮ ನೀರನ್ನಲ್ಲ, ಬೇರೆಯವರ ನೀರನ್ನು. ಯಾವ ಸಾಗರ ಬಿಸಿಯೇರಿದೆ, ಎಲ್ಲಿ ಮೋಡ ಗುಂಪುಗೂಡಿ ಸುತ್ತಲು ಶುರುಮಾಡಿದೆ, ಯಾವ ಚಂಡಮಾರುತ ಯಾರ ಗೆರೆಯ ಕಡೆ ನಡೆದಿದೆ, ಎಲ್ಲ ಒಮ್ಮೆ ಕಣ್ಣಾಡಿಸಬೇಕು. ಒಂದು ಸಾಗರದಲ್ಲಿ ಹುಟ್ಟಿದ ಚಂಡಮಾರುತ ಇನ್ನೊಂದಕ್ಕೆ ದಾಟುವಾಗ ಅಲ್ಲಿನ ಆಫೀಸಿನವರು ಫೋನು ಮಾಡಿ, ಹುಟ್ಟಿದ ಜಾಗ, ಬೆಳೆದ ಬಗೆ, ಇರುವ ಮುಂಗೋಪ ಎಲ್ಲವನ್ನೂ ಹೇಳಿ ಒಪ್ಪಿಸುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವವರು ಇಷ್ಟು ವಿವರವಾಗಿ ಹೇಳುವುದಿಲ್ಲ. ನಾನಂತೂ ಹೇಳಲಿಲ್ಲ.

ಪಶ್ಚಿಮ ಮತ್ತು ನಾನು ಕೆಲಸಕ್ಕೆ ಸೇರಿದ್ದು ಒಂದೇ ವರ್ಷ. ಸೇರಿದ ದಿನದಿಂದಲೂ ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಅವಳ ಹತ್ತಿರ ಒಂದು ಕೆಂಪು ಪೆನ್ಸಿಲ್ ಇತ್ತು. ನಾನು ನಕ್ಷೆ ಮುಗಿಸಿ ಕೈ ತೊಳೆಯಲು ಎದ್ದು ಹೋದರೆ ಸಾಕು, ವಾಪಸು ಬರುವಷ್ಟರಲ್ಲಿ ಅದರ ಮೇಲೆ ಕೆಂಪು ಗೀಟು ಬಿದ್ದಿರುತ್ತಿತ್ತು.

“ಏನಯ್ಯಾ ಪೂರ್ವ, ಇದು ಗಾಳಿಯ ಗೆರೆಯೋ, ನೀನು ಕಾಫಿ ಚೆಲ್ಲಿದ ಗುರುತೋ?”

“ನಿನ್ನ ಕಡಲು ನೋಡ್ಕೋ. ನನ್ನದರಲ್ಲಿ ಯಾಕೆ ಮೂಗು ತೂರಿಸ್ತೀಯ?”

“ನಿನ್ನ ಗಾಳಿ ನನ್ನ ಮನೆ ಕಿಟಕಿ ಬಡಿದಾಗ ಯಾರನ್ನ ಕೇಳಲಿ?”

ಹೀಗೆ ದಿನಾ. ನಮ್ಮಿಬ್ಬರ ನಡುವೆ ಒಂದು ಬೀರು ತಂದು ನಿಲ್ಲಿಸುತ್ತೇನೆ ಎಂದು ಮೇಲಧಿಕಾರಿ ಹೆದರಿಸಿದ್ದರು. ನಿಲ್ಲಿಸಿದ್ದರೆ ಅದು ಯಾರ ಕಡೆ ತೆರೆಯಬೇಕು ಎಂದು ಇನ್ನೊಂದು ಜಗಳ ಆಗುತ್ತಿತ್ತು, ಅಷ್ಟೆ.

ಪಶ್ಚಿಮಳ ಮಗ ನಮ್ಮ ಇಲಾಖೆಯಲ್ಲೇ ಇಂಜಿನಿಯರು. ಕಡಲಲ್ಲಿ ಲಂಗರು ಹಾಕಿ ತೇಲಿಬಿಟ್ಟ ದೊಡ್ಡ ಹಳದಿ ಗುಂಡುಗಳಿವೆ. ಗಾಳಿಯನ್ನೂ ಅಲೆಯನ್ನೂ ಅಳೆದು ಅವು ನಮಗೆ ಸುದ್ದಿ ಕಳಿಸುತ್ತವೆ. ನಾವು ಅವನ್ನು ಬುರುಡೆ ಎನ್ನುತ್ತೇವೆ. ಹವಾಮಾನದವರು ಬುರುಡೆ ಬಿಡುತ್ತಾರೆ ಎಂದು ಜನ ಆಡಿಕೊಳ್ಳುವುದು ಒಂದು ಲೆಕ್ಕದಲ್ಲಿ ನಿಜವೇ. ಆ ಬುರುಡೆಗಳ ಬ್ಯಾಟರಿ ಬದಲಿಸುವುದು, ಕೆಟ್ಟದ್ದನ್ನು ಸರಿಮಾಡುವುದು ಅವನ ಕೆಲಸ. ಸಂಜೆ ಅವನು ಅಮ್ಮನನ್ನು ಕರೆದೊಯ್ಯಲು ಬರುತ್ತಿದ್ದ. ನನ್ನ ಮಗಳು, ನಾನು ಮನೆಯಲ್ಲಿ ಮರೆತು ಬಂದ ಕನ್ನಡಕ ಹಿಡಿದುಕೊಂಡು ಬರುತ್ತಿದ್ದಳು. ಒಳಗೆ ನಾವು ಗೆರೆಯ ವಿಚಾರಕ್ಕೆ ಕಚ್ಚಾಡುತ್ತಿದ್ದರೆ ಅವರಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ನಮ್ಮ ಜಗಳ ಬೇಗ ಬೇಗ ಮುಗಿದಿದ್ದರೆ ಆ ಮದುವೆ ಆಗುತ್ತಲೇ ಇರಲಿಲ್ಲವೇನೋ.

ಮದುವೆ ಮುಗಿಸಿ ಆಫೀಸಿಗೆ ಬಂದ ಮೊದಲ ದಿನ ನಾನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಪಶ್ಚಿಮ ಕುರ್ಚಿಯಿಂದ ಎದ್ದು ನಿಂತಳು.

“ಬನ್ನಿ ಬೀಗರೇ, ಚೆನ್ನಾಗಿದೀರಾ?” ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ. “ಚೆನ್ನಾಗಿದೀನಿ, ನೀವು?” ಎಂದೆ. ಅವಳನ್ನು ನಾನು ‘ನೀವು’ ಎಂದದ್ದು ಅದೇ ಮೊದಲು. ಬಾಯಲ್ಲಿ ಬೇರೆಯವರ ಹಲ್ಲುಸೆಟ್ಟು ಇಟ್ಟುಕೊಂಡಂತಾಯಿತು.

ಅಂದಿನಿಂದ ಕೆಂಪು ಪೆನ್ಸಿಲ್ ಡ್ರಾಯರು ಸೇರಿತು. ಅವಳ ನಕ್ಷೆ ನನಗೆ ಚೆನ್ನ, ನನ್ನದು ಅವಳಿಗೆ ಚೆನ್ನ. ಎರಡೂ ಕಡಲುಗಳಲ್ಲಿ ತಪ್ಪೇ ಇಲ್ಲದಂತಾಯಿತು. “ಈಗ ಆಫೀಸು ಆಫೀಸಿನ ಹಾಗಿದೆ,” ಎಂದು ಮೇಲಧಿಕಾರಿ ಹಿಗ್ಗಿದರು. ನಾನೊಬ್ಬನೇ ಹಿಗ್ಗಲಿಲ್ಲ. ಸಾಯಂಕಾಲ ಮನೆಗೆ ಹೋಗುವಾಗ ಏನೋ ಮರೆತು ಬಂದಂತೆ ಅನಿಸುತ್ತಿತ್ತು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ಒಂದು ಸಲ ಮಾತ್ರ ನಾಲಿಗೆ ಜಾರಿತು. ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಹಿಂದಿನ ಮಳೆಗಾಲ ತಡವಾಗಿ ಶುರುವಾದದ್ದಕ್ಕೆ ಪಶ್ಚಿಮ ಒಂದು ಕಾರಣ ಹೇಳಿದಳು. ಅದು ಕಾರಣವೇ ಅಲ್ಲ ಎಂದೆ. ಯಾಕಲ್ಲ ಎಂದು ವಿವರಿಸಿದೆ. ಅನ್ನ ಆರಿಹೋಗುವ ತನಕ ವಿವರಿಸಿದೆ. ನಾವು ಅಲ್ಲಿಂದ ಹೊರಡುವವರೆಗೂ ಅವಳು ಮುಖ ಊದಿಸಿಕೊಂಡೇ ಇದ್ದಳು. ಮಾರನೆಯ ದಿನ ಮಗಳು ಫೋನು ಮಾಡಿದಳು.

“ಅಪ್ಪ, ಅತ್ತೆ ಏನೂ ಅನ್ನಲಿಲ್ಲ. ಆದ್ರೆ ರಾತ್ರಿಯೆಲ್ಲ ಪಾತ್ರೆ ಶಬ್ದ ಜೋರಾಗಿತ್ತು. ಅವರ ಜೊತೆ ವಾದ ಮಾಡಬೇಡಿ, ಆಯ್ತಾ? ಆಫೀಸಲ್ಲಿ ನೀವು ಗೆದ್ದರೆ ಅಡುಗೆಮನೇಲಿ ನಾನು ಸೋಲ್ತೀನಿ.”

ಆಯಿತು ಎಂದೆ. ಹೆಣ್ಣು ಕೊಟ್ಟವನು ಬೇರೇನು ಹೇಳಲಾದೀತು?

ಈಗ ನಮ್ಮ ಕೆಲಸದ ಒಂದು ಪದ್ಧತಿಯನ್ನು ಹೇಳಿಬಿಡಬೇಕು. ಚಂಡಮಾರುತ ಯಾರ ಕಡಲಲ್ಲಿ ಹುಟ್ಟಿತೋ ಅದು ಎಬ್ಬಿಸಿದ ಅಲೆಗಳೂ ಅವರವೇ. ಆ ಅಲೆ ಗೆರೆ ದಾಟುವುದಾದರೆ ಹುಟ್ಟಿಸಿದವನು ನಕ್ಷೆ ಹಿಡಿದು ಎದುರಿನ ಮೇಜಿಗೆ ಹೋಗಿ ‘ದಾಟಿಸಬೇಕು’. ಇಬ್ಬರೂ ಸಹಿ ಹಾಕಬೇಕು. ದಾಟಿಸದ ಹೊರತು ಎದುರಿನವರು ಅದನ್ನು ತಮ್ಮ ಮುನ್ಸೂಚನೆಯಲ್ಲಿ ಬರೆಯುವಂತಿಲ್ಲ. ಇಲ್ಲದಿದ್ದರೆ ಒಂದೇ ಅಲೆಗೆ ಎರಡು ಮೇಜಿನಿಂದ ಎರಡು ಎಚ್ಚರಿಕೆ ಹೋಗಿ ದೋಣಿಯವರು ತಲೆ ಚಚ್ಚಿಕೊಳ್ಳುತ್ತಾರೆ. ಇದರಲ್ಲಿ ನನ್ನದೊಂದು ದೌರ್ಬಲ್ಯ. ಚಂಡಮಾರುತ ತಣ್ಣೀರಿಗೆ ಹೋಗಿ ಸತ್ತ ಮೇಲೆ ನನಗೆ ಅದರಲ್ಲಿ ಆಸಕ್ತಿ ಹೋಗಿಬಿಡುತ್ತದೆ. ‘ಕರಗಿತು’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇನೆ. ಆಗೆಲ್ಲ ಪಶ್ಚಿಮ ಕೆಂಪು ಪೆನ್ಸಿಲ್ ಹಿಡಿದು ಬಂದು, “ನಿನ್ನ ಗಾಳಿ ಸತ್ತಿತು, ಅದರ ಮಕ್ಕಳೆಲ್ಲಿ?” ಎಂದು ನಿಲ್ಲುತ್ತಿದ್ದಳು. ಗೊಣಗಿಕೊಂಡು ದಾಟಿಸುತ್ತಿದ್ದೆ. ಅವಳು ಬಂದೇ ಬರುತ್ತಾಳೆ ಎಂಬ ಧೈರ್ಯದಲ್ಲೇ ನಾನು ಅಷ್ಟು ಬೇಗ ಕೈ ತೊಳೆದುಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ.

ಆ ವಾರ ನನ್ನ ಪಾಲಿನ ದಕ್ಷಿಣದ ತುದಿಯಲ್ಲಿ, ನಮ್ಮ ತೀರಕ್ಕೆ ಬಹಳ ದೂರದಲ್ಲಿ, ಒಂದು ಚಂಡಮಾರುತ ಎದ್ದು ಯಾರಿಗೂ ತೊಂದರೆ ಕೊಡದೆ ಗೆರೆಯ ಹತ್ತಿರ ಹೋಗಿ ಸತ್ತಿತ್ತು. ‘ಕರಗಿತು’ ಎಂದು ಬರೆದಿದ್ದೆ. ಮರುದಿನ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಕಿಟಕಿಯಿಂದ ಕಾಣುವ ಬಂದರಿನ ನೀರಲ್ಲಿ ಕಂಬಗಳ ನೆರಳು ನೆಟ್ಟಗೆ ನಿಂತಿತ್ತು. ಪಶ್ಚಿಮಳ ಮುನ್ಸೂಚನೆ ಹೊರಟಾಗಿತ್ತು: ಗಾಳಿ ಮಂದ, ಅಲೆ ತಗ್ಗು, ಕಡಲ ಕೆಲಸಕ್ಕೆ ಅನುಕೂಲ. ಇಂಥ ದಿನಕ್ಕೇ ಕಾದಿದ್ದ ನನ್ನ ಅಳಿಯ ನಸುಕಿನಲ್ಲೇ ಇಲಾಖೆಯ ದೋಣಿ ಹತ್ತಿ ಪಶ್ಚಿಮದ ದಿಬ್ಬದ ಕಡೆ ಹೊರಟಿದ್ದ. ಅಲ್ಲಿ ನೀರಿನಡಿ ಒಂದು ಮರಳುದಿಬ್ಬವಿದೆ. ಅದರ ಮೇಲೆ ಒಂದು ಬುರುಡೆ ತಿಂಗಳಿನಿಂದ ಮೂಕವಾಗಿ ಕೂತಿತ್ತು.

ನಾನು ಕಾಫಿ ಹಿಡಿದು ನನ್ನ ದಕ್ಷಿಣದ ಕಟ್ಟಕಡೆಯ ಬುರುಡೆ ಕಳಿಸಿದ್ದನ್ನು ನೋಡಿದೆ. ಅಲೆಯ ಎತ್ತರ ಮೊಣಕಾಲಿಗಿಂತ ತುಸು ಮೇಲೆ, ಹೇಳಿಕೊಳ್ಳುವಂಥದ್ದಲ್ಲ. ಆದರೆ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಹದಿನೆಂಟು ಸೆಕೆಂಡು. ಲೋಟ ಕೆಳಗಿಟ್ಟೆ.

ಇಲ್ಲಿನ ಗಾಳಿ ಎಬ್ಬಿಸುವ ಅಲೆಗಳು ಗಡಿಬಿಡಿಯವು, ಐದಾರು ಸೆಕೆಂಡಿಗೊಂದು. ಅಂತರ ಹೆಚ್ಚಿದಷ್ಟೂ ಅಲೆ ದೂರದ್ದು, ಉದ್ದದ್ದು, ಓಟವೂ ಜೋರು. ಅದಕ್ಕೆ ಉಬ್ಬಲೆ ಎನ್ನುತ್ತೇವೆ. ಆಳದ ನೀರಿನಲ್ಲಿ ಅದು ಸದ್ದಿಲ್ಲದೆ ಸಾಗುತ್ತದೆ. ಹಡಗಿನವರ ಕೈಯಲ್ಲಿನ ಚಹಾ ಕೂಡ ತುಳುಕುವುದಿಲ್ಲ. ತಳ ಮೇಲೆದ್ದಿರುವ ಕಡೆ, ಅಂದರೆ ದಿಬ್ಬದಂಥ ಕಡೆ, ಅದು ತಡವರಿಸಿ ಎದ್ದು ನಿಲ್ಲುತ್ತದೆ. ಮೊಣಕಾಲೆತ್ತರದ್ದು ಮನೆಯೆತ್ತರವಾಗುತ್ತದೆ. ಗಾಳಿಯಿಲ್ಲ, ಮೋಡವಿಲ್ಲ, ಮುನ್ಸೂಚನೆ ಕೊಡುವಂಥ ಏನೂ ಇರುವುದಿಲ್ಲ.

ಅಲೆ ಬರುತ್ತಿದೆ ಎಂದು ನನ್ನ ಬುರುಡೆ ಹೇಳುತ್ತಿತ್ತು. ಯಾವ ದಿಕ್ಕಿಗೆ ಹೊರಟಿದೆ ಎಂದು ಹೇಳುವಷ್ಟು ಬುದ್ಧಿ ಆ ಹಳೆಯ ಬುರುಡೆಗಿಲ್ಲ. ದಕ್ಷಿಣಕ್ಕೇ ಸರಿದುಹೋಗಬಹುದು, ಯಾರೂ ಇಲ್ಲದ ನೀರಿನ ಪಾಲಾಗಬಹುದು. ಎದುರಿಗೆ ಪಶ್ಚಿಮ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು. ಎದ್ದು ಹೋಗಿ ಏನು ಹೇಳಲಿ? ನಿಮ್ಮ ಮುನ್ಸೂಚನೆ ತಪ್ಪಿರಬಹುದು ಬೀಗಿತ್ತಿಯವರೇ, ನಿಮ್ಮ ಮಗನನ್ನೇ ಅದರ ಮೇಲೆ ಕಳಿಸಿದ್ದೀರಿ ಎಂದೇ? ಅಲೆ ಬಾರದಿದ್ದರೆ? ಇವತ್ತು ರಾತ್ರಿಯೂ ಆ ಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತವೆ. ಅವುಗಳ ನಡುವೆ ನನ್ನ ಮಗಳು ನಿಂತಿರುತ್ತಾಳೆ.

ಕೂತೆ. ಇನ್ನೊಮ್ಮೆ ಅಂಕಿ ನೋಡಿದೆ. ಅದು ಬದಲಾಗಿರಲಿಲ್ಲ. ಅಳಿಯ ಕೆಲಸ ಮಾಡುವುದನ್ನು ನಾನು ಒಮ್ಮೆ ಕಂಡಿದ್ದೇನೆ. ದೋಣಿಯಂಚಿನಲ್ಲಿ ನಿಂತು, ಬುರುಡೆ ತನ್ನ ಕಡೆ ವಾಲುವ ಗಳಿಗೆ ನೋಡಿ ಕಾಲಿಡುತ್ತಾನೆ. ಆಮೇಲೆ ಆ ಒದ್ದೆ ಕಬ್ಬಿಣಕ್ಕೆ ಒಂದು ಬೆಲ್ಟಿನಲ್ಲಿ ಅಂಟಿಕೊಂಡು ಕೆಲಸ. ಆಗ ಉಬ್ಬಲೆ ಬಂದರೆ ಅವನು ದೋಣಿಗೂ ಇಲ್ಲ, ಬುರುಡೆಗೂ ಇಲ್ಲ. ಪಾತ್ರೆ ಬೇಕಾದರೆ ಒಡೆದುಹೋಗಲಿ ಎನಿಸಿತು. ಎದ್ದೆ.

ಎದ್ದವನು ನೇರವಾಗಿ ಹೇಳಿದೆನೇ? ಇಲ್ಲ. ಅಭ್ಯಾಸ ಅಷ್ಟು ಕೆಟ್ಟುಹೋಗಿತ್ತು.

“ಕಾಫಿ ಆಯ್ತಾ ನಿಮ್ಮದು?” ಎಂದೆ.

“ಆಯ್ತು ಬೀಗರೇ. ನಿಮ್ಮದು?”

“ಆಯ್ತು. ಬಿಸಿಲು ಚೆನ್ನಾಗಿದೆ.”

“ಹೌದು, ಚೆನ್ನಾಗಿದೆ,” ಎಂದು ಅವಳು ಮೊಣಕೈಯಿಂದ ತನ್ನ ನಕ್ಷೆಯನ್ನು ಮುಚ್ಚಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ನನ್ನೆದುರು ನಕ್ಷೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಸಂಕೋಚ ಬಿಟ್ಟು ಅವಳ ಮೊಣಕೈಯಡಿಯಿಂದ ಹಾಳೆಯನ್ನು ಎಳೆದೆ.

ನನ್ನ ಸತ್ತ ಚಂಡಮಾರುತ ಅದರಲ್ಲಿತ್ತು. ಅದರಿಂದ ಹೊರಟ ಅಲೆಗಳನ್ನು ಅವಳು ಮಾಮೂಲಿ ಪೆನ್ಸಿಲಿನಲ್ಲಿ, ಕಾಣಿಸಿಯೂ ಕಾಣಿಸದಂತೆ, ಕಮಾನು ಕಮಾನಾಗಿ ಬರೆದಿದ್ದಳು. ಅವು ಗೆರೆ ದಾಟಿ ನೆಟ್ಟಗೆ ಪಶ್ಚಿಮದ ದಿಬ್ಬಕ್ಕೆ ಬಂದಿದ್ದವು. ಉಪಗ್ರಹದ ಚಿತ್ರದಿಂದ ದಿಕ್ಕು ಅವಳಿಗೆ ಸಿಕ್ಕಿತ್ತು.

“ಇದು ಯಾವಾಗಿಂದ ಗೊತ್ತು ನಿಮಗೆ?”

“ಬೆಳಗ್ಗೆಯಿಂದ.” ಅವಳ ದನಿ ಇಳಿದಿತ್ತು. “ನೀವು ಕರಗಿತು ಅಂತ ಬರೆದುಬಿಟ್ಟಿದ್ರಿ. ಬೀಗರು ಮುಗಿಸಿದ್ದನ್ನ ನಾನು ಮತ್ತೆ ಹೇಗೆ ತೆಗೀಲಿ? ನೀವೇ ಬಂದು ದಾಟಿಸ್ತೀರಿ ಅಂತ ಕಾಯ್ತಾ ಇದ್ದೆ. ಅವಸರ ಏನಿಲ್ಲ, ಅದು ಬರೋದು ಸಂಜೆಗೆ. ಹುಡುಗ ಊಟದ ಹೊತ್ತಿಗೇ ಹಿಂದಿರುಗಿರ್ತಾನೆ. ಬರದಿದ್ದರೆ ನಾನೇ ಕರೆಸೋಣ ಅಂತಿದ್ದೆ.”

“ಸಂಜೆಗೆ ಅಂತ ಯಾರು ಹೇಳಿದ್ದು? ಎಷ್ಟು ಸೆಕೆಂಡು ಹಿಡಿದ್ರಿ ಲೆಕ್ಕಕ್ಕೆ?”

“ಹದಿನಾಲ್ಕು.”

“ಹದಿನೆಂಟು.”

ಅವಳು ತಲೆಯೆತ್ತಿದಳು. ಆ ಸಂಖ್ಯೆ ನನ್ನ ಮೇಜಿನ ಮೇಲಿತ್ತು, ದಿಕ್ಕು ಅವಳ ಮೇಜಿನ ಮೇಲಿತ್ತು. ನಡುವೆ ನಾಲ್ಕು ಹೆಜ್ಜೆ ಜಾಗ ಮತ್ತು ನಮ್ಮ ಮರ್ಯಾದೆ. ಹದಿನೆಂಟು ಸೆಕೆಂಡಿನ ಅಲೆ ಹದಿನಾಲ್ಕರದ್ದಕ್ಕಿಂತ ಎಷ್ಟು ಬೇಗ ಬಂದು ಮುಟ್ಟುತ್ತದೆ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕಿರಲಿಲ್ಲ.

“ಮಧ್ಯಾಹ್ನದೊಳಗೆ,” ಎಂದೆ.

ಅವಳು ಕುರ್ಚಿ ತಳ್ಳಿ ಆಗಲೇ ರೇಡಿಯೋ ಇರುವ ಮೂಲೆಗೆ ನಡೆದಿದ್ದಳು. ಮೈಕು ಹಿಡಿದು ಗುಂಡಿ ಒತ್ತಿ ದೋಣಿಯನ್ನು ಕರೆದಳು. ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ ಅಳಿಯನ ಸ್ವರ, ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟ.

“ಹೇಳಮ್ಮ.”

“ಎಲ್ಲಿದೀಯಾ?”

“ಬುರುಡೆ ಪಕ್ಕದಲ್ಲೇ. ಹಗ್ಗ ಕಟ್ಟಿದೀವಿ, ಬೆಲ್ಟು ಹಾಕ್ಕೊಳ್ತಾ ಇದೀನಿ.”

“ಹಗ್ಗ ಬಿಚ್ಚು. ದಿಬ್ಬ ಬಿಟ್ಟು ಆಳಕ್ಕೆ ಬಾ. ಉಬ್ಬಲೆ ಬರ್ತಿದೆ.”

“ಯಾವ ಉಬ್ಬಲೆ? ಇಲ್ಲಿ ಕಡಲು ಹಾಲಿನ ತರ ಇದೆ. ಅನುಕೂಲ ಅಂತ ಬರೆದಿದ್ದು ನೀನೇ ತಾನೆ? ಅರ್ಧ ಗಂಟೆ ಕೆಲಸ ಅಮ್ಮ, ಮುಗಿಸಿಕೊಂಡು ಬಂದುಬಿಡ್ತೀನಿ.”

ಮೈಕನ್ನು ನಾನು ಕಿತ್ತುಕೊಂಡೆ. “ನಾನಪ್ಪ, ಮಾವ. ನಿಮ್ಮಮ್ಮ ಹೇಳಿದ್ದು ನಿಜ. ಬಂದುಬಿಡು.”

“ಮಾವ, ಅದು ನಿಮ್ಮ ಚಂಡಮಾರುತದ್ದಾ? ನೀವೇ ಕರಗಿತು ಅಂದಿದ್ರಲ್ಲ.” ಮಾತಿನಲ್ಲಿ ವಿನಯವಿತ್ತು. ಒಳಗೊಳಗೇ ಅವನು ನಗುತ್ತಿರುವುದೂ ಕೇಳಿಸಿತು. ಅಮ್ಮಂದಿರು, ಮಾವಂದಿರು ಸುಮ್ಮನೆ ಹೆದರುವುದು ಅವನಿಗೆ ಹೊಸದಲ್ಲ. “ಬರೋದೇ ಆದ್ರೂ ಎಷ್ಟೊತ್ತಿಗೆ?”

“ಮಧ್ಯಾಹ್ನದೊಳಗೆ,” ಎಂದೆ.

“ಅಷ್ಟು ಹೊತ್ತೆಲ್ಲಿದೆ?” ಪಶ್ಚಿಮ ನನ್ನ ಹೆಗಲ ಮೇಲಿಂದ ಬಗ್ಗಿದಳು. “ಮೊದಲನೆಯವು ಅದಕ್ಕಿಂತ ಮುಂಚೆ ಬರ್ತವೆ. ಉದ್ದದವು ಮೊದಲು ಬರಲ್ವಾ? ನಿನ್ನ ಬುರುಡೆ ಯಾವಾಗ ತೋರಿಸ್ತು ಅದನ್ನ?”

“ನಸುಕಿನಲ್ಲಿ.”

“ನಸುಕಿನಲ್ಲಿ! ಈಗ ಬಂದು ಕಾಫಿ ಆಯ್ತಾ ಅಂತ ಕೇಳ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?”

“ನೀನು ಬೆಳಗ್ಗೆಯಿಂದ ಮೊಣಕೈಯಡಿ ಮುಚ್ಚಿಟ್ಟುಕೊಂಡು ಕೂತಿದ್ದೆಯಲ್ಲ, ಅದು ಬುದ್ಧಿಯಾ?”

“ಗಾಳಿ ಸತ್ತ ಮೇಲೆ ಅಲೆ ದಾಟಿಸೋದು ಯಾರ ಕೆಲಸ? ಎಷ್ಟು ವರ್ಷ ಹೇಳಿಕೊಡಲಯ್ಯಾ ನಿನಗೆ?”

“ಕೇಳೋಕೆ ಬಾಯಿರಲಿಲ್ವಾ? ಎಲ್ಲಿ ಹೋಯ್ತು ನಿನ್ನ ಕೆಂಪು ಪೆನ್ಸಿಲ್?”

ಗುಂಡಿಯ ಮೇಲೆ ನನ್ನ ಹೆಬ್ಬೆರಳು ಒತ್ತಿಕೊಂಡೇ ಇತ್ತು. ಅದು ಅರಿವಾಗಿ ತೆಗೆದೆ. ಬಂದರಿನಲ್ಲಿ ರೇಡಿಯೋ ಇರುವ ಪ್ರತಿಯೊಬ್ಬನೂ ಕೇಳಿರಬೇಕು. ಮೇಲಧಿಕಾರಿ ತಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು.

“ಅಮ್ಮ,” ಎಂದ ಅಳಿಯ. ಈಗ ದನಿಯಲ್ಲಿ ನಗು ಇರಲಿಲ್ಲ. “ನೀನು, ಮಾವ, ಇಬ್ಬರೂ ಜಗಳ ಆಡ್ತಿದೀರಾ?”

“ಹೌದು. ಏನೀಗ?”

“ಹಗ್ಗ ಬಿಚ್ಚಿದೆ.”

ಇಂಜಿನಿನ ಸದ್ದು ಏರಿದ್ದು ರೇಡಿಯೋದಲ್ಲೇ ಕೇಳಿತು. ನಾವಿಬ್ಬರೂ ಅಲ್ಲಿಯೇ ನಿಂತೆವು. ಹೊರಗೆ ಬಂದರು, ಬಿಸಿಲು, ಕಂಬದ ಮೇಲೆ ಕೂತ ಹಕ್ಕಿಗಳು. ಯಾವುದಕ್ಕೂ ಏನೂ ಆಗಿರಲಿಲ್ಲ. ಹಾಗೆ ಎಷ್ಟು ಹೊತ್ತು ಕಳೆಯಿತೋ ಹೇಳಲಾರೆ. ಪಶ್ಚಿಮ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

“ಮಾವ,” ಎಂದಿತು ರೇಡಿಯೋ. “ಆಳದಲ್ಲಿದೀವಿ. ಇಲ್ಲಿ ಏನೂ ಗೊತ್ತಾಗ್ತಿಲ್ಲ, ದೋಣಿ ಮೆಲ್ಲಗೆ ಎತ್ತಿ ಇಳಿಸಿದ ಹಾಗಾಯ್ತು ಅಷ್ಟೆ.” ಆಮೇಲೆ ಅವನ ಮಾತು ಬಹಳ ಮೆತ್ತಗಾಯಿತು. “ದಿಬ್ಬದ ಮೇಲೆ ಎದ್ದು ನಿಂತಿತು. ಬುರುಡೆ ಪೂರ್ತಿ ಮಲಗಿಬಿಡ್ತು, ಮಾವ. ನಾನು ಈಗ ಅದರ ಮೇಲೆ ಇರ್ತಿದ್ದೆ.”

ಪಶ್ಚಿಮ ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತಳು. ಅದು ನನ್ನ ಕುರ್ಚಿ. ಕೂತವಳು ನನ್ನ ನಕ್ಷೆಯನ್ನು ತನ್ನ ಕಡೆಗೆಳೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, “ಸಹಿ ಹಾಕಯ್ಯಾ,” ಎಂದಳು. ಹಾಕಿದೆ. ಅವಳೂ ಹಾಕಿದಳು. ಎರಡು ಮೇಜಿನಿಂದ ಒಂದೇ ಎಚ್ಚರಿಕೆ ಹೊರಟಿತು. ತೀರದ ದೋಣಿಗಳೆಲ್ಲ ಒಳಗೆ ಬಂದವು. ಮಧ್ಯಾಹ್ನ ಬಂದರಿನ ತಡೆಗೋಡೆಯ ಮೇಲೆ ನೀರು ಗಾಳಿಯೇ ಇಲ್ಲದೆ ಹತ್ತಿ ಇಳಿಯುವುದನ್ನು ಜನ ಕೊಡೆ ಹಿಡಿದು ನಿಂತು ನೋಡಿದರು. ಕೊಡೆ ಬಿಸಿಲಿಗೆ.

ಅಳಿಯ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ, ಅಷ್ಟು ಹೇಳಿದರೂ ಕೇಳದವನು ಕೊನೆಗೆ ಯಾಕೆ ಹಗ್ಗ ಬಿಚ್ಚಿದೆ ಎಂದು ಕೇಳಿದೆ.

“ಚಿಕ್ಕಂದಿನಿಂದ ನೋಡಿದೀನಿ ಮಾವ. ಅಮ್ಮ ಮನೆಗೆ ಬಂದು ನಿಮ್ಮನ್ನ ಬೈದ ದಿನದ ಮುನ್ಸೂಚನೆ ಯಾವತ್ತೂ ತಪ್ಪಿಲ್ಲ. ಈಗೀಗ ಬೈತಾನೇ ಇರಲಿಲ್ಲ. ಏನನ್ನ ನಂಬೋದು ಅಂತ ಗೊತ್ತಾಗ್ತಿರಲಿಲ್ಲ.”

ಒಳಗೆ ಬಂದಾಗ ನನ್ನ ಮೇಜಿನ ಮೇಲೆ ನಕ್ಷೆ ಬಿಚ್ಚಿಕೊಂಡಿತ್ತು. ‘ಕರಗಿತು’ ಎಂಬುದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ, ಅದರ ಕೆಳಗೆ ನನ್ನ ಅಕ್ಷರದ ಬಗ್ಗೆಯೂ ಒಂದು ಟೀಕೆ. ಮಗಳ ಮದುವೆಯ ದಿನ ಕೂಡ ನಾನು ಅಷ್ಟು ಖುಷಿಪಟ್ಟಿರಲಿಲ್ಲ.

ಆಗ ಫೋನು ಬಂತು. ಮಗಳು.

“ಅಪ್ಪ, ಅತ್ತೆ ಜೊತೆ ಜಗಳ ಆಡಿದ್ರಂತೆ. ರೇಡಿಯೋದಲ್ಲಿ ಬಂದರಿಗೆಲ್ಲ ಕೇಳಿಸ್ತಂತೆ.”

“ಆಡಿದೆ ಕಣಮ್ಮ,” ಎಂದೆ. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ.

ಅವಳು ಬೈಯಲಿಲ್ಲ. ಗಂಡ ಬುರುಡೆಯ ವಿಷಯವನ್ನು ಅವಳಿಗೆ ಆಗಲೇ ಹೇಳಿದ್ದನೆಂದು ಕಾಣುತ್ತದೆ.

“ನಾನೇ ಬೇಡ ಅಂದಿದ್ದೆ, ನಿಜ,” ಎಂದಳು. “ಆದ್ರೂ ಇನ್ನೊಂದು ಸ್ವಲ್ಪ ಮುಂಚೆ ಆಡಬಾರದಿತ್ತಾ ಅಪ್ಪ?”

ಎದುರಿನ ಮೇಜಿನಿಂದ ಪಶ್ಚಿಮ ನನ್ನನ್ನೇ ನೋಡುತ್ತಿದ್ದಳು. ಆ ನಾಲ್ಕು ಹೆಜ್ಜೆ ನಡೆದು ಹೋಗಿ ಫೋನನ್ನು ಅವಳ ಕೈಗೆ ಕೊಟ್ಟೆ.